ಅರವತ್ತು ದಾಟಿದರೆ ಗಾಡಿ ಎಳೆಯುತ್ತಿಲ್ಲ, ಬೋರ್ ಮಾಡಿಸಲೇಬೇಕಾ?

ಪ್ರಶ್ನೆ: ನಾನು ಶ್ರೀನಿವಾಸಪುರದವನು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ದಿನಾ ಬೈಕಲ್ಲೇ ಓಡಾಟ. 2014ರ ಮಾಡೆಲ್ 150 ಸಿಸಿ ಗಾಡಿ, ಕಾರ್ಬೊರೇಟರ್ ಇರೋದು, 68,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಒಂದು ತೊಂದರೆ ಶುರುವಾಗಿದೆ. ಕೋಲಾರದವರೆಗೆ 45–50ರಲ್ಲಿ ಬಂದರೆ ಏನೂ ಗೊತ್ತಾಗಲ್ಲ. ಹೈವೇ ಹತ್ತಿ 60 ದಾಟಿಸಿದರೆ ನಾಲ್ಕೈದು ಕಿಲೋಮೀಟರ್‌ಗೆ ಗಾಡಿಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಎಕ್ಸಲೇಟರ್ ಪೂರ್ತಿ ತಿರುಗಿಸಿದರೆ 'ಬ್ವಾ' ಅಂತ ಸದ್ದು ಬಂದು ಸ್ಪೀಡ್ ಇನ್ನೂ ಇಳಿಯುತ್ತೆ. ಸ್ವಲ್ಪ ಬಿಟ್ಟರೆ ಮತ್ತೆ ಎಳೆಯುತ್ತೆ. ಪಕ್ಕಕ್ಕೆ ನಿಲ್ಲಿಸಿ ಎರಡು ನಿಮಿಷ ಬಿಟ್ಟು ಹೊರಟರೆ ಸ್ವಲ್ಪ ದೂರ ಹೊಸ ಗಾಡಿ ಥರ ಹೋಗುತ್ತೆ. ಹೊಗೆ ಇಲ್ಲ. ಮೈಲೇಜ್ 48 ಇದ್ದದ್ದು 41 ಆಗಿದೆ. ಪ್ಲಗ್ ಬದಲಾಯಿಸಿದೆ, ಕಾರ್ಬೊರೇಟರ್ ಕ್ಲೀನ್ ಮಾಡಿಸಿದೆ, ಸರಿಹೋಗಲಿಲ್ಲ. ಈ ನಡುವೆ ಬೇರೆ ಮಾಡಿಸಿದ್ದು ಅಂದರೆ ಹಿಂದಿನ ಟೈರ್ ಹೊಸದು ಹಾಕಿಸಿದ್ದು, ಮಳೆಗಾಲ ಅಂತ ರೆಕ್ಸಿನ್ ಟ್ಯಾಂಕ್ ಕವರ್ ಹಾಕಿಸಿದ್ದು. ಒಬ್ಬ ಮೆಕ್ಯಾನಿಕ್ 'ಬೋರ್ ಹೋಗಿದೆ, ಪಿಸ್ಟನ್ ಹಾಕ್ಬೇಕು, 9,000 ಆಗುತ್ತೆ' ಅಂದರು. ಇನ್ನೊಬ್ಬರು 'ಎಥನಾಲ್ ಪೆಟ್ರೋಲಿಂದ ಹೀಗೆ, ಏನೂ ಮಾಡಕ್ಕಾಗಲ್ಲ' ಅಂದರು. ಜೊತೆಯಲ್ಲಿ ಕೆಲಸ ಮಾಡುವವನು 'ಏರ್ ಫಿಲ್ಟರ್ ತೆಗೆದು ಓಡಿಸು' ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಪಕ್ಕಕ್ಕಿಡಿ. ಬೋರ್ ಅಂದರೆ ಸವೆದ ಸಿಲಿಂಡರ್ ಒಳಗೋಡೆ ಕೊರೆಸಿ ಹೊಸ ಪಿಸ್ಟನ್ ಕೂರಿಸೋದು, ಅದರ 9,000 ಜೇಬಲ್ಲೇ ಇರಲಿ. ನಿಮ್ಮ ಪತ್ರದಲ್ಲಿ ರೋಗದ ಗುರುತು ಆಗಲೇ ಇದೆ. 'ಎರಡು ನಿಮಿಷ ನಿಲ್ಲಿಸಿ ಹೊರಟರೆ ಹೊಸ ಗಾಡಿ ಥರ ಹೋಗುತ್ತೆ' ಅಂತ ಬರೆದಿದ್ದೀರಲ್ಲ, ನಾನು ಆ ಸಾಲನ್ನು ಎರಡು ಸಲ ಓದಿದೆ. ಸವೆದ ಪಿಸ್ಟನ್, ಅದರ ಸುತ್ತ ಕೂರುವ ಸವೆದ ರಿಂಗ್ ಎರಡು ನಿಮಿಷ ರೆಸ್ಟ್ ಕೊಟ್ಟರೆ ಸರಿಹೋಗಲ್ಲ. ಎರಡು ನಿಮಿಷದಲ್ಲಿ ಸರಿಹೋಗೋದು ಹಸಿವು. ನಿಮ್ಮ ಇಂಜಿನ್‌ಗೆ ಜೋರಾಗಿ ಓಡುವಾಗ ಬೇಕಾದಷ್ಟು ಪೆಟ್ರೋಲ್ ಇಳಿಯುತ್ತಿಲ್ಲ ಅನ್ನೋದು ನನ್ನ ಮೊದಲ ಅನುಮಾನ. ಮೈಲೇಜ್ ಬಿದ್ದಿರೋದು ಬಹುಶಃ ಬೇರೆಯದೇ ತೊಂದರೆ. ಒಂದೇ ಗಾಡಿಯಲ್ಲಿ ಎರಡು ಕಾಯಿಲೆ ಒಟ್ಟಿಗೆ ಬಂದಾಗಲೇ ಮೆಕ್ಯಾನಿಕ್‌ಗಳು ದಾರಿ ತಪ್ಪೋದು ಜಾಸ್ತಿ.

ಮೊದಲು, 50ರವರೆಗೆ ಸರಿ ಇರುವ ಗಾಡಿ 60 ಮೇಲೆ ಯಾಕೆ ಕೈಕೊಡುತ್ತೆ ಅಂತ ನೋಡೋಣ. ಇಂಜಿನ್‌ಗೆ ದೊಡ್ಡ ಭಾರ ನೀವಲ್ಲ, ಎದುರಿನ ಗಾಳಿ. ಗಾಳಿಯ ತಡೆ ವೇಗದ ಲೆಕ್ಕದಲ್ಲಿ ಏರಲ್ಲ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 60ರಿಂದ 80ಕ್ಕೆ ಹೋದರೆ ಗಾಳಿಯ ತಡೆ ಸುಮಾರು 1.8 ಪಟ್ಟು ಆಗುತ್ತೆ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಸುಮಾರು 2.4 ಪಟ್ಟು. 50ರಲ್ಲಿ ಇಂಜಿನ್ ತನ್ನ ತಾಕತ್ತಿನಲ್ಲಿ ಸ್ವಲ್ಪವನ್ನೇ ಬಳಸುತ್ತಿರುತ್ತೆ. ಹಾಗಾಗಿ ಚಿಕ್ಕಪುಟ್ಟ ತೊಂದರೆಗಳೆಲ್ಲ ಅಲ್ಲಿ ಬಚ್ಚಿಟ್ಟುಕೊಂಡಿರುತ್ತವೆ. 80ಕ್ಕೆ ಹೋದ ಕೂಡಲೇ ಎಲ್ಲವೂ ಹೊರಗೆ ಬರುತ್ತವೆ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಮಾತು. ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತೆ. ನೀವು ಕೋಲಾರದಿಂದ ನರಸಾಪುರಕ್ಕೆ ಹೋಗೋದೂ ಪಡುವಣಕ್ಕೇ. 20 ಕಿ.ಮೀ. ವೇಗದ ಎದುರುಗಾಳಿ ಇದ್ದರೆ 60ರಲ್ಲಿ ಹೋಗುತ್ತಿದ್ದರೂ ಮೈಮೇಲೆ ಬೀಳೋದು 80ರ ಗಾಳಿ. ಅದಕ್ಕೇ ಒಂದು ವಾರ ಗಮನಿಸಿ. ಹೋಗುವಾಗ ಮಾತ್ರ ಎಳೆಯಲ್ವಾ, ಬರುವಾಗಲೂ ಎಳೆಯಲ್ವಾ? ಹೋಗುವಾಗ ಮಾತ್ರ ಅಂದರೆ ಅದರಲ್ಲಿ ಗಾಳಿಯ ಪಾಲು ದೊಡ್ಡದು. ನೀವು ಬರೆದ ರೀತಿ ನೋಡಿದರೆ ಎರಡೂ ಕಡೆ ಇದೆ ಅನ್ನಿಸುತ್ತೆ.

ಈಗ ಪೆಟ್ರೋಲಿನ ಲೆಕ್ಕಕ್ಕೆ ಬರೋಣ. 45ರಲ್ಲಿ ಹೋಗುವಾಗ, ಲೀಟರ್‌ಗೆ 48 ಕೊಡುವ ಗಾಡಿ ನಿಮಿಷಕ್ಕೆ ಸುಮಾರು 16 ಎಂ.ಎಲ್. ಕುಡಿಯುತ್ತೆ. ಅದೇ ಗಾಡಿ 80ರಲ್ಲಿ ಲೀಟರ್‌ಗೆ 40 ಕೊಟ್ಟರೆ ನಿಮಿಷಕ್ಕೆ 33 ಎಂ.ಎಲ್. ಬೇಕು. ಅಂದರೆ ಎರಡರಷ್ಟು. ಎಕ್ಸಲೇಟರ್ ಪೂರ್ತಿ ತೆರೆದು ಏರು ಹತ್ತಿಸುವಾಗ ಇನ್ನೂ ಜಾಸ್ತಿ. ಟ್ಯಾಂಕಿಂದ ನಿಮಿಷಕ್ಕೆ 25 ಎಂ.ಎಲ್. ಮಾತ್ರ ಇಳಿಯುತ್ತಿದೆ ಅಂದುಕೊಳ್ಳಿ. ಶ್ರೀನಿವಾಸಪುರದಿಂದ ಕೋಲಾರದವರೆಗೆ ಯಾವ ತೊಂದರೆಯೂ ಇರಲ್ಲ. ಹೈವೇಯಲ್ಲಿ ಮಾತ್ರ ಖರ್ಚು ಜಾಸ್ತಿ, ಬರೋದು ಕಡಿಮೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನ ಕೆಳಗಿನ ಬಟ್ಟಲಲ್ಲಿ ಇರುವ ಪೆಟ್ರೋಲ್ ಒಂದು ಕಾಫಿ ಲೋಟದಷ್ಟೂ ಇರಲ್ಲ. ಅದು ಇಳಿದ ಮೇಲೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತೆ. ಆಗ ಬರೋದೇ ಆ 'ಬ್ವಾ' ಸದ್ದು. ಎಕ್ಸಲೇಟರ್ ಸ್ವಲ್ಪ ಬಿಟ್ಟರೆ ಗಾಳಿ ಕಡಿಮೆಯಾಗಿ ಲೆಕ್ಕ ಮತ್ತೆ ಹೊಂದಿಕೊಳ್ಳುತ್ತೆ, ಗಾಡಿ ಎಳೆಯುತ್ತೆ. ನಿಲ್ಲಿಸಿದರೆ ಬಟ್ಟಲು ನಿಧಾನವಾಗಿ ತುಂಬುತ್ತೆ, ಮತ್ತೆ ನಾಲ್ಕು ಕಿಲೋಮೀಟರ್ ಸುಖವಾಗಿ ಹೋಗುತ್ತೀರಿ. ನೀವು ಬರೆದ ಪ್ರತಿ ಲಕ್ಷಣವೂ ಇದಕ್ಕೆ ಹೊಂದುತ್ತೆ.

ಪೆಟ್ರೋಲ್ ಯಾಕೆ ಇಳಿಯುತ್ತಿಲ್ಲ? ಇಲ್ಲಿ ನಿಮ್ಮ ಟ್ಯಾಂಕ್ ಕವರ್ ನನ್ನ ಕಣ್ಣಿಗೆ ಬಿತ್ತು.

ಕಾರ್ಬೊರೇಟರ್ ಗಾಡಿಗಳಲ್ಲಿ ಪೆಟ್ರೋಲ್ ತಳ್ಳಲು ಪಂಪ್ ಇರಲ್ಲ. ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತೆ, ಅಷ್ಟೇ. ಇಳಿಯುವ ಎತ್ತರ ಹೆಚ್ಚು ಕಡಿಮೆ ಒಂದು ಗೇಣು. ಇಳಿದ ಪೆಟ್ರೋಲಿನ ಜಾಗಕ್ಕೆ ಮೇಲಿಂದ ಗಾಳಿ ಬರಬೇಕು. ಅದಕ್ಕೇ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ಒಂದು ಗಾಳಿ ದಾರಿ ಇಟ್ಟಿರುತ್ತಾರೆ. ಅದು ಮುಚ್ಚಿಕೊಂಡರೆ ಟ್ಯಾಂಕ್ ಒಳಗೆ ಗಾಳಿ ಕಡಿಮೆಯಾಗಿ, ಅದೇ ಪೆಟ್ರೋಲನ್ನು ಮೇಲಕ್ಕೆ ಹಿಡಿದುಕೊಳ್ಳುತ್ತೆ. ಹೋಟೆಲಲ್ಲಿ ಸ್ಟ್ರಾ ಮೇಲಿನ ತುದಿಗೆ ಬೆರಳಿಟ್ಟು ಎತ್ತಿದರೆ ಜ್ಯೂಸ್ ಕೆಳಗೆ ಬೀಳಲ್ಲ, ಅಲ್ವಾ? ಅದೇ ಸಂಗತಿ ಇದು. ಗೇಣೆತ್ತರದ ಪೆಟ್ರೋಲನ್ನು ತಡೆದು ನಿಲ್ಲಿಸಲು ದೊಡ್ಡ ಬಲವೇನೂ ಬೇಡ.

ಮಳೆಗಾಲದಲ್ಲಿ ಹಾಕಿಸುವ ರೆಕ್ಸಿನ್ ಕವರ್‌ಗಳ ಒಳಗೆ ತೆಳ್ಳಗೆ ಸ್ಪಂಜ್ ಇರುತ್ತೆ. ಮುಚ್ಚಳದ ಮೇಲೂ ಒಂದು ಪಟ್ಟಿ ಬಂದು ಬಿಗಿಯಾಗಿ ಕೂರುತ್ತೆ. ಸ್ಪಂಜ್ ಒದ್ದೆಯಾಯಿತು ಅಂದರೆ ಗಾಳಿ ದಾರಿಗೆ ಬೆಣೆ ಹೊಡೆದ ಹಾಗೆ. ಕವರ್ ಇಲ್ಲದಿದ್ದರೂ ನಮ್ಮ ಕಡೆಯ ನುಣ್ಣನೆ ಕೆಂಪು ಧೂಳು ವಾಟರ್ ಸರ್ವಿಸ್ ನೀರಿನ ಜೊತೆ ಸೇರಿ ಆ ತೂತಿನಲ್ಲಿ ಸಿಮೆಂಟ್ ಥರ ಗಟ್ಟಿಯಾಗಿಬಿಡುತ್ತೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಕೋಲಾರದಲ್ಲಿ ಅಂಗಡಿ ಹಾಕಿದ ಹೊಸದರಲ್ಲಿ ಹಾಲು ಸಾಗಿಸುವವರೊಬ್ಬರು ಗಾಡಿ ತಂದರು. ಎರಡು ಕಡೆ ಎರಡು ಕ್ಯಾನು, ದಿನಾ ಡೈರಿಗೆ ಓಡಾಟ. ಏರು ಬಂದರೆ ಗಾಡಿ ನಿಂತೇ ಹೋಗುತ್ತೆ ಅಂದರು. ಭಾರ ಹೊರುವ ಗಾಡಿ, ರಿಂಗ್ ಹೋಗಿರುತ್ತೆ ಅಂತ ನಾನು ನೋಡದೆಯೇ ತೀರ್ಮಾನ ಮಾಡಿದೆ. ಹೆಡ್ ಬಿಚ್ಚಿದೆ, ರಿಂಗ್ ಹಾಕಿದೆ, ವಾಲ್ವ್ ಉಜ್ಜಿದೆ. ಗಾಡಿ ಕೊಟ್ಟ ಮಾರನೇ ದಿನವೇ ವಾಪಸ್ ಬಂತು, ಅದೇ ತೊಂದರೆ. ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಮುಚ್ಚಳ ತಿರುಗಿಸಿದರೆ 'ಸುಯ್ಯ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮಳೆ ನೀರು ಹೋಗಬಾರದು ಅಂತ ಅವರು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಮಡಚಿ ಇಟ್ಟಿದ್ದರು. ಹಾಳೆ ತೆಗೆದೆ, ಗಾಡಿ ಸರಿಹೋಯಿತು. ಕೂಲಿ ವಾಪಸ್ ಕೊಟ್ಟೆ. ಆದರೆ ಅವರ ಮೂರು ದಿನದ ಹಾಲಿನ ಕೆಲಸ ಹೋಗಿತ್ತು, ಅದನ್ನು ನಾನು ಕೊಡಲಿಕ್ಕೆ ಆಗಲಿಲ್ಲ. ಅವತ್ತಿಂದ ಯಾವ ಗಾಡಿ 'ಎಳೆಯಲ್ಲ' ಅಂತ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ನನ್ನ ಕೈ ಹೋಗೋದು ಟ್ಯಾಂಕಿನ ಮುಚ್ಚಳಕ್ಕೆ.

ನೀವೂ ಹಾಗೇ ಮಾಡಿ. ಮುಂದಿನ ಸಲ ಗಾಡಿ ಉಸಿರು ಕಟ್ಟಿದಾಗ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತಂದು ನಿಲ್ಲಿಸಿ, ಕೂಡಲೇ ಮುಚ್ಚಳ ತೆಗೆಯಿರಿ. ಕಿವಿ ಹತ್ತಿರ ಇರಲಿ. ಗಾಳಿ ಎಳೆದುಕೊಳ್ಳುವ ಸದ್ದು ಬಂದರೆ ಕಳ್ಳ ಸಿಕ್ಕ ಹಾಗೆ. ಇನ್ನೊಂದು ಗುರುತೂ ಇದೆ. ಮುಚ್ಚಳದ ತೊಂದರೆ ಇದ್ದರೆ ಟ್ಯಾಂಕ್ ತುಂಬಿಸಿದ ದಿನ ಗಾಡಿ ಬೇಗ ಕೈಕೊಡುತ್ತೆ, ಯಾಕೆಂದರೆ ಮೇಲೆ ಗಾಳಿಗೆ ಜಾಗ ಕಡಿಮೆ. ಪೆಟ್ರೋಲ್ ಕಡಿಮೆ ಇದ್ದಾಗಲೇ ಜಾಸ್ತಿ ಕೈಕೊಡುತ್ತೆ ಅಂದರೆ ತೊಂದರೆ ಕೆಳಗಿದೆ, ಟ್ಯಾಂಕ್ ಅಡಿಯ ನಲ್ಲಿ, ಅಂದರೆ ಕಾಕ್‌ನಲ್ಲೋ ಅದರ ಜಾಲರಿಯಲ್ಲೋ. ಪರೀಕ್ಷೆ ಮಾಡೋಣ ಅಂತ ಮುಚ್ಚಳ ಸಡಿಲ ಬಿಟ್ಟುಕೊಂಡು ಓಡಿಸೋದು ಮಾತ್ರ ಬೇಡ. ಬ್ರೇಕ್ ಹಾಕಿದರೆ ಪೆಟ್ರೋಲ್ ಚೆಲ್ಲಿ ಬಿಸಿ ಇಂಜಿನ್ ಮೇಲೆ ಬೀಳುತ್ತೆ. ಕವರ್ ತೆಗೆದು, ಮುಚ್ಚಳದ ತೂತನ್ನು ತೆಳು ತಂತಿಯಿಂದ ಬಿಡಿಸಿ, ಗಾಳಿ ಹೊಡೆಸಿ ಓಡಿಸಿ ನೋಡಿ.

ಮುಚ್ಚಳ ಸರಿ ಇದ್ದರೆ ಬಾಟಲಿ ಪರೀಕ್ಷೆ ಮಾಡಬೇಕು. ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಬಯಲಲ್ಲಿ ಮಾಡಿ, ಬೀಡಿ ಬೆಂಕಿ ಹತ್ತಿರ ಬರಬಾರದು. ಕಾಕ್ ಮುಚ್ಚಿ, ಕಾರ್ಬೊರೇಟರ್‌ಗೆ ಹೋಗುವ ಪೈಪ್ ಬಿಡಿಸಿ, ಒಳಗಿರೋದು ಕಾಣುವಂಥ ಒಂದು ಲೀಟರಿನ ಬಾಟಲಿಗೆ ಇಳಿಬಿಡಿ. ಕಾಕ್ ತೆರೆದು ಮೊಬೈಲಲ್ಲಿ ಒಂದು ನಿಮಿಷ ಎಣಿಸಿ. ನನ್ನ ಅನುಭವದಲ್ಲಿ ಇಂಥ ಗಾಡಿಗೆ ನಿಮಿಷಕ್ಕೆ 150 ಎಂ.ಎಲ್. ಮೇಲೆ ಧಾರಾಳವಾಗಿ ಬರಬೇಕು. ಒಂದು ನಿಮಿಷಕ್ಕೇ ನಿಲ್ಲಿಸಬೇಡಿ, ಮೂರು ನಿಮಿಷ ಬಿಡಿ. ಮೊದಲು ದಾರದ ಹಾಗೆ ಒಂದೇ ಸಮನೆ ಬಂದು ಆಮೇಲೆ ತೊಟ್ಟಿಕ್ಕಲು ಶುರುವಾದರೆ ಮುಚ್ಚಳ ತೆರೆಯಿರಿ. ತೆರೆದ ಕೂಡಲೇ ಧಾರೆ ಜೋರಾದರೆ ಗಾಳಿ ದಾರಿಯೇ ಕಾರಣ. ತೆರೆದರೂ ತೊಟ್ಟಿಕ್ಕುತ್ತಿದ್ದರೆ ಕಾಕ್ ಜಾಲರಿ ಕಟ್ಟಿದೆ. ಕೆಲವು ಗಾಡಿಗಳಲ್ಲಿ ಇಂಜಿನ್ ಓಡಿದರೆ ಮಾತ್ರ ತೆರೆಯುವ ಕಾಕ್ ಇರುತ್ತೆ. ಅದರಲ್ಲಿ ಈ ಪರೀಕ್ಷೆ ಹೀಗೆ ನಡೆಯಲ್ಲ.

ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಕಾಫಿ ಚರಟದ ಹಾಗೆ ಕಂದು ಪುಡಿ ಕೂತಿದ್ದರೆ ಅದು ಟ್ಯಾಂಕಿನ ತುಕ್ಕು. ಬೇರೆ ಬಣ್ಣದ ಒಂದು ಪದರ ಕೆಳಗೆ ಗೆರೆ ಎಳೆದ ಹಾಗೆ ಕಂಡರೆ ನೀರು ಸೇರಿದೆ ಅಂತ ಅರ್ಥ.

'ಕಾರ್ಬೊರೇಟರ್ ಕ್ಲೀನ್ ಮಾಡಿಸಿದ್ದೀನಲ್ಲ' ಅಂತ ನೀವು ಕೇಳಬಹುದು. ಕಾರ್ಬೊರೇಟರ್ ಎಷ್ಟು ತೊಳೆದರೂ ಮೇಲಿಂದ ಕಸ ಬರುತ್ತಲೇ ಇದ್ದರೆ ಏನು ಪ್ರಯೋಜನ? ತೊಟ್ಟಿ ತೊಳೆಯದೆ ನಲ್ಲಿ ತೊಳೆದ ಹಾಗೆ ಆಗುತ್ತೆ. ಕಾಕ್ ಬಿಚ್ಚಿ, ಟ್ಯಾಂಕ್ ಒಳಗೆ ಬೆರಳುದ್ದ ನಿಂತಿರುವ ಜಾಲರಿಯನ್ನು ಹೊರಗೆ ತೆಗೆದು ನೋಡಿದ್ದಾರಾ ಅಂತ ಕೇಳಿ. ಹೆಚ್ಚಿನ ಕಡೆ ನೋಡಿರಲ್ಲ. ಟ್ಯಾಂಕ್ ಖಾಲಿ ಮಾಡಬೇಕು, ಅದು ಕಿರಿಕಿರಿ ಕೆಲಸ.

ಇಲ್ಲೇ ಎಥನಾಲ್ ವಿಷಯವನ್ನೂ ಮುಗಿಸಿಬಿಡುತ್ತೇನೆ. ಈಗ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಶಕ್ತಿ ಶೇ. 6–7ರಷ್ಟು ಇಳಿಯುತ್ತೆ. 48 ಕೊಡುತ್ತಿದ್ದ ಗಾಡಿ 45 ಕೊಡಬಹುದು. ಹಳೆ ಕಾರ್ಬೊರೇಟರ್ ಗಾಡಿಗೆ ಇದನ್ನು ತಾನೇ ಸರಿದೂಗಿಸಿಕೊಳ್ಳಲು ಬರಲ್ಲ, ಅದೂ ನಿಜ. ಆದರೆ ಎಥನಾಲ್ ಬೆರೆತದ್ದು ಎರಡು ತಿಂಗಳ ಹಿಂದೆ ಅಲ್ಲ. 60ಕ್ಕೆ ಗಾಡಿಯನ್ನು ಕಟ್ಟಿಹಾಕುವ ಶಕ್ತಿಯೂ ಅದಕ್ಕಿಲ್ಲ. ಅದು ಮಾಡುವ ತೊಂದರೆ ಬೇರೆ. ಹಳೆ ಟ್ಯಾಂಕ್ ಗೋಡೆಗೆ ಅಂಟಿದ ಜಿಡ್ಡನ್ನು ಬಿಡಿಸಿ ಜಾಲರಿಗೆ ತಂದು ಹಾಕುತ್ತೆ. ತೇವ ಹೀರಿಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ, ಅಲ್ಲಿ ತುಕ್ಕು ಹತ್ತುತ್ತೆ. ಹಳೆ ರಬ್ಬರ್ ಪೈಪ್‌ಗಳು ಊದಿಕೊಳ್ಳಬಹುದು, ಬಿರಿಯಬಹುದು. ಅಂದರೆ ಆ ಮೆಕ್ಯಾನಿಕ್ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. 'ಏನೂ ಮಾಡಕ್ಕಾಗಲ್ಲ' ಅನ್ನೋದು ಮಾತ್ರ ಸುಳ್ಳು. ಟ್ಯಾಂಕ್ ಯಾವಾಗಲೂ ಅರ್ಧದ ಮೇಲೆ ಇಟ್ಟುಕೊಳ್ಳಿ, ತುಕ್ಕಿಗೆ ಜಾಗ ಕಡಿಮೆಯಾಗುತ್ತೆ.

ಟ್ಯಾಂಕಲ್ಲಿ ತುಕ್ಕು ಸಿಕ್ಕರೆ ಏನು ಮಾಡೋದು? ಪುಡಿ ಸ್ವಲ್ಪ ಇದ್ದರೆ ಟ್ಯಾಂಕ್ ಇಳಿಸಿ ಪೆಟ್ರೋಲಲ್ಲೇ ಎರಡು ಮೂರು ಸಲ ಗಲಬರಿಸಿ, ಕಾಕ್‌ಗೆ ಹೊಸ ಜಾಲರಿ ಹಾಕಿಸಿ, ಪೈಪ್ ಮಧ್ಯೆ ಒಂದು ಚಿಕ್ಕ ಫಿಲ್ಟರ್ ಹಾಕಿಸಿದರೆ ಸಾಕು. ಖರ್ಚು ನೂರುಗಳಲ್ಲಿ ಮುಗಿಯುತ್ತೆ. ಆ ಫಿಲ್ಟರಲ್ಲೂ ಒಂದು ಅಪಾಯ ಇದೆ. ಪಂಪ್ ಇರುವ ಗಾಡಿಯ ಫಿಲ್ಟರ್ ತಂದು ಹಾಕಿದರೆ ತನ್ನ ಭಾರಕ್ಕೆ ಇಳಿಯುವ ಪೆಟ್ರೋಲ್ ಅದರಲ್ಲಿ ನುಗ್ಗಲ್ಲ, ಹಳೆ ಕಾಯಿಲೆ ಹೊಸ ರೂಪದಲ್ಲಿ ಬರುತ್ತೆ. ಪೈಪ್ ಎಲ್ಲೂ ಮೇಲಕ್ಕೆ ಡೊಂಕಾಗಬಾರದು. ತುಕ್ಕು ಜಾಸ್ತಿ ಇದ್ದರೆ ಕೆಲವರು ಟ್ಯಾಂಕ್ ಒಳಗೆ ಜಲ್ಲಿ ಹಾಕಿ ಕುಲುಕುತ್ತಾರೆ, ಕೆಲವರು ಆಸಿಡ್ ಹಾಕುತ್ತಾರೆ. ಜಲ್ಲಿಯಲ್ಲಿ ಹಳೆ ಟ್ಯಾಂಕ್ ತೂತು ಬೀಳಬಹುದು. ಬಾತ್‌ರೂಮ್ ಆಸಿಡ್ ಹಾಕಿದರೆ ತುಕ್ಕು ಹೋಗುತ್ತೆ, ಸರಿಯಾಗಿ ತೊಳೆದು ಕೂಡಲೇ ಒಣಗಿಸದಿದ್ದರೆ ಒಂದೇ ರಾತ್ರಿಗೆ ಹೊಸ ತುಕ್ಕು ಹತ್ತುತ್ತೆ. ನಾನು ಆಸಿಡ್ ಮುಟ್ಟಲ್ಲ. ತುಕ್ಕು ತೆಗೆಯುವ ದ್ರಾವಣ ಅಂತಲೇ ಸಿಗುತ್ತೆ, ಅದನ್ನು ಹಾಕುತ್ತೇನೆ. ಪದರ ಪದರವಾಗಿ ಎದ್ದಿದ್ದರೆ ಟ್ಯಾಂಕ್ ಬದಲಾಯಿಸಿ ಅಂತಲೇ ಹೇಳುತ್ತೇನೆ.

ಇನ್ನು ಮೈಲೇಜ್. ಹಿಂದಿನ ಟೈರ್ ಬದಲಾಯಿಸಿದ ಮೇಲೆ ಇಳಿದಿದೆ ಅಂದರೆ ನನಗೆ ಬ್ರೇಕ್ ಮೇಲೆ ಅನುಮಾನ. ಚಕ್ರ ವಾಪಸ್ ಹಾಕುವಾಗ ಬ್ರೇಕ್ ರಾಡಿನ ನಟ್ ಎರಡು ಸುತ್ತು ಜಾಸ್ತಿ ಬಿಗಿಯಾಗಿರಬಹುದು, ಇಲ್ಲವೇ ಚೈನ್ ಬಿಗಿಯಾಗಿರಬಹುದು. ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋಗಬೇಕು. 'ಸರ್ ಸರ್' ಅಂತ ಉಜ್ಜಿ ನಿಂತರೆ ಬ್ರೇಕ್ ಹಿಡಿಯುತ್ತಿದೆ. ಹಿಂದಿನ ಬ್ರೇಕ್ ಬಳಸದೆ ಮೂರು ಕಿಲೋಮೀಟರ್ ಹೋಗಿ, ಮುಂದಿನ ಬ್ರೇಕಲ್ಲೇ ನಿಧಾನ ನಿಲ್ಲಿಸಿ, ಡ್ರಮ್ ಹತ್ತಿರ ಅಂಗೈ ಹಿಂಭಾಗ ತನ್ನಿ. ಮುಟ್ಟುವ ಮೊದಲೇ ಕಾವು ತಾಗಿದರೆ ನಿಮ್ಮ ಪೆಟ್ರೋಲ್ ಅಲ್ಲಿ ಉರಿಯುತ್ತಿದೆ. ಚೈನ್ ಮಧ್ಯದಲ್ಲಿ ಒಂದು ಇಂಚಿನಷ್ಟು ಆಡಬೇಕು. ಕುಶನ್ ಮೇಲೆ ನೀವು ಕೂತಾಗ ಅದು ಇನ್ನೂ ಬಿಗಿಯಾಗುತ್ತೆ ಅನ್ನೋದು ನೆನಪಿರಲಿ. ಇದಕ್ಕೆ ಖರ್ಚೇ ಇಲ್ಲ. ನಿಮ್ಮ ಗಾಡಿಯಲ್ಲಿ ಈ ಕೆಲಸವನ್ನೇ ಮೊದಲು ಮಾಡಿ, ಯಾಕೆಂದರೆ ಹಿಡಿದ ಬ್ರೇಕ್ 60 ಮೇಲೆ ಇನ್ನಷ್ಟು ಭಾರವಾಗುತ್ತೆ.

ಏರ್ ಫಿಲ್ಟರ್ ತೆಗೆದು ಓಡಿಸುವ ಮಾತಿಗೆ ನನ್ನ ಉತ್ತರ ಒಂದೇ, ಖಂಡಿತ ಬೇಡ. ಟೇಕಲ್ ಕಡೆಯ ಜಲ್ಲಿ ಕ್ರಷರ್‌ಗೆ ಓಡಾಡುವ ಹುಡುಗನೊಬ್ಬ ಹೀಗೇ ಫಿಲ್ಟರ್ ಬಿಸಾಕಿ ಓಡಿಸಿ, ಒಂದು ಬೇಸಿಗೆ ಕಳೆದ ಮೇಲೆ ಗಾಡಿ ತಂದಿದ್ದ. ಸಿಲಿಂಡರ್ ಬಿಚ್ಚಿ ಒಳಗೆ ಬೆರಳಾಡಿಸಿದೆ. ಕನ್ನಡಿ ಥರ ನುಣುಪಾಗಿರಬೇಕಾದ ಗೋಡೆಯಲ್ಲಿ ಉದ್ದುದ್ದ ಗೀರು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಕಲ್ಲಿನ ಪುಡಿ ಎಣ್ಣೆಯ ಜೊತೆ ಸೇರಿ ಉಪ್ಪುಕಾಗದದ ಹಾಗೆ ಉಜ್ಜಿತ್ತು. ಅವನಿಗೆ ನಿಜವಾಗಿಯೂ ಬೋರ್ ಮಾಡಬೇಕಾಯಿತು. ಅಲ್ಲದೆ ನಿಮ್ಮ ಗಾಡಿಯಲ್ಲಿ ಈಗಲೇ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಫಿಲ್ಟರ್ ತೆಗೆದರೆ ಗಾಳಿ ಇನ್ನೂ ಜಾಸ್ತಿಯಾಗಿ ಇಂಜಿನ್ ಕಾಯುತ್ತೆ. ಫಿಲ್ಟರ್ ಕಟ್ಟಿದ್ದರೆ ಬದಲಾಯಿಸಿ, ಒಂದು ಊಟದ ದುಡ್ಡಿಗೆ ಬರುತ್ತೆ. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ಗಾಳಿ ಹೊಡೆದು ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬೊರೇಟರ್‌ನ ಡಯಾಫ್ರಂ ನೋಡಿಸಿ. ಎಷ್ಟೋ 150 ಸಿಸಿ ಗಾಡಿಗಳಲ್ಲಿ ಕಾರ್ಬೊರೇಟರ್ ಮೇಲ್ಮುಚ್ಚಳದ ಕೆಳಗೆ ತೆಳ್ಳನೆ ಕಪ್ಪು ರಬ್ಬರ್ ಹಾಳೆ ಇರುತ್ತೆ. ಇಂಜಿನ್ ಎಳೆತಕ್ಕೆ ಅದು ಮೇಲೆದ್ದು, ಸ್ಲೈಡನ್ನು ಎತ್ತಿ, ಗಾಳಿಗೂ ಪೆಟ್ರೋಲಿಗೂ ದಾರಿ ಬಿಡುತ್ತೆ. ಅದರಲ್ಲಿ ಸೂಜಿ ತೂತು ಬಿದ್ದರೂ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತೆ. ನೀವು ಎಕ್ಸಲೇಟರ್ ಎಷ್ಟು ತಿರುಗಿಸಿದರೂ ಇಂಜಿನ್‌ಗೆ ಅದು ತಲುಪಲ್ಲ. ಸುಮ್ನೆ ನೋಡಿದರೆ ಕಾಣಲ್ಲ. ಟ್ಯೂಬ್‌ಲೈಟ್ ಎದುರು ಹಿಡಿದು ಮೆಲ್ಲಗೆ ಹಿಗ್ಗಿಸಿದರೆ ನಕ್ಷತ್ರದ ಹಾಗೆ ಬೆಳಕು ತೂರುತ್ತೆ. ಕ್ಲೀನ್ ಮಾಡಿ ವಾಪಸ್ ಹಾಕುವಾಗ ಅಂಚು ಮುಚ್ಚಳಕ್ಕೆ ಸಿಕ್ಕಿಕೊಂಡಿರುವುದೂ ಉಂಟು. ಆದರೆ ಡಯಾಫ್ರಂ ಹರಿದರೆ ಗಾಡಿ ಮೊದಲ ಕಿಲೋಮೀಟರಿಂದಲೇ ಎಳೆಯಲ್ಲ, ನಿಲ್ಲಿಸಿ ಹೊರಟರೆ ಸರಿಹೋಗಲ್ಲ. ನಿಮ್ಮದು ಹಾಗಿಲ್ಲದ್ದರಿಂದ ಇದನ್ನು ಹಿಂದಕ್ಕೆ ಇಟ್ಟಿದ್ದೇನೆ.

ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕೈಕೊಟ್ಟರೂ ನಿಲ್ಲಿಸಿದ ಮೇಲೆ ಸರಿಹೋಗುತ್ತೆ, ಆದರೆ ಎರಡು ನಿಮಿಷಕ್ಕಲ್ಲ. ತಣ್ಣಗಾಗಲು ಕಾಲು ಗಂಟೆಯಾದರೂ ಬೇಕು. ಪೆಟ್ರೋಲ್ ಕಡಿಮೆಯಾದರೆ ಗಾಡಿ ಮೆತ್ತಗಾಗುತ್ತಾ ಹೋಗುತ್ತೆ, ಕಾಯಿಲ್ ಆದರೆ ಸ್ವಿಚ್ ಆರಿಸಿ ಹಾಕಿದ ಹಾಗೆ ತಟಕ್ ತಟಕ್ ಅಂತ ಮಿಸ್ ಹೊಡೆಯುತ್ತೆ.

ಕ್ಲಚ್ ಸ್ಲಿಪ್ ಗೊತ್ತಾಗೋದು ಸುಲಭ. ನಾಲ್ಕನೇ ಗೇರಲ್ಲಿ 40ರಲ್ಲಿ ಹೋಗುತ್ತಾ ಎಕ್ಸಲೇಟರ್ ಜೋರಾಗಿ ತಿರುಗಿಸಿ. ಆರ್‌ಪಿಎಂ ಮುಳ್ಳು ಜಿಗಿದು ಸ್ಪೀಡ್ ಅಲ್ಲೇ ಇದ್ದರೆ ಕ್ಲಚ್ ಪ್ಲೇಟ್ ಹೋಗಿದೆ, ಇಲ್ಲವೇ ಕೇಬಲ್ ಬಿಗಿಯಾಗಿದೆ, ಇಲ್ಲವೇ ಯಾರೋ ಕಾರಿನ ಆಯಿಲ್ ಹಾಕಿದ್ದಾರೆ. ಬೈಕಿನ ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು. ಸೈಲೆನ್ಸರ್ ಕಟ್ಟಿದ್ದರೂ ಮೇಲಿನ ವೇಗ ಹೋಗುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಸೈಲೆನ್ಸರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ನಾನು ಕೆರೆದು ತೆಗೆದಿದ್ದೇನೆ. ದಿನಾ ಓಡುವ ನಿಮ್ಮ ಗಾಡಿಗೆ ಅದು ಬರಲ್ಲ.

ಈಗ ಬೋರ್ ವಿಚಾರ. 68,000 ಓಡಿದ ಗಾಡಿಗೆ ಬೋರ್ ಬೇಕಾಗಲೇಬಾರದು ಅಂತೇನೂ ಇಲ್ಲ. ಆದರೆ ಅದಕ್ಕೆ ಅದರದೇ ಗುರುತುಗಳಿವೆ. ನೀಲಿ ಹೊಗೆ ಬರುತ್ತೆ, ಆಯಿಲ್ ಕಡಿಮೆಯಾಗುತ್ತಾ ಬರುತ್ತೆ, ಕಿಕ್ಕರ್ ಕೈಯಲ್ಲಿ ಒತ್ತಿದರೆ ಮೆತ್ತಗೆ ಇಳಿಯುತ್ತೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತೆ, 30ರಲ್ಲೂ ಜೀವ ಇರಲ್ಲ. ಇದರಲ್ಲಿ ಯಾವುದನ್ನೂ ನೀವು ಬರೆದಿಲ್ಲ. ಬೋರ್ ಮಾಡಿಸಿ ಅಂದವರನ್ನು ಒಂದೇ ಪ್ರಶ್ನೆ ಕೇಳಿ: 'ಕಂಪ್ರೆಷನ್ ಎಷ್ಟಿದೆ?' ಅಂದರೆ ಪಿಸ್ಟನ್ ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತೆ ಅಂತ. ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಎಕ್ಸಲೇಟರ್ ಪೂರ್ತಿ ತೆರೆದು ಕಿಕ್ ಹೊಡೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅದಕ್ಕೂ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ನೋಡಿಸಿ. ಗ್ಯಾಪ್ ಪೂರ್ತಿ ಹೋಗಿದ್ದರೆ ಬಿಸಿಯಾದಾಗ ವಾಲ್ವ್ ಸರಿಯಾಗಿ ಮುಚ್ಚದೆ ಒಳ್ಳೆ ಇಂಜಿನ್ನೂ ಸತ್ತ ಹಾಗೆ ಕಾಣುತ್ತೆ. ಅಳೆಯದೆ ಇಂಜಿನ್ ಬಿಚ್ಚಲು ಒಪ್ಪಬೇಡಿ. ಒಂದು ಸಲ ಬಿಚ್ಚಿದ ಇಂಜಿನ್ ಕಂಪನಿಯಲ್ಲಿ ಕೂರಿಸಿದಷ್ಟು ಚೆನ್ನಾಗಿ ಮತ್ತೆ ಕೂರುತ್ತೆ ಅಂತ ಯಾರೂ ಖಾತ್ರಿ ಕೊಡಲಾಗಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿ ಇರುವವರು ಇದನ್ನೆಲ್ಲ ಹಾಗೇ ಮಾಡಲು ಹೋಗಬೇಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಟ್ಯಾಂಕ್ ಒಳಗೇ ಪಂಪ್ ಇರುತ್ತೆ, ಪೈಪಲ್ಲಿ ಒತ್ತಡ ಇರುತ್ತೆ, ಬಿಡಿಸಿದರೆ ಪೆಟ್ರೋಲ್ ಚಿಮ್ಮುತ್ತೆ. ಮೀಟರಲ್ಲಿ ಇಂಜಿನ್ ದೀಪ ಉರಿಯುತ್ತಿದೆಯಾ ನೋಡಿ, ಸ್ಕ್ಯಾನರ್ ಇರುವ ಕಡೆ ಹೋಗಿ. ಬ್ರೇಕ್, ಚೈನ್, ಏರ್ ಫಿಲ್ಟರ್ ಮಾತು ಮಾತ್ರ ಅವರಿಗೂ ಅನ್ವಯಿಸುತ್ತೆ.

ಕೊನೆಗೆ, ಪರೀಕ್ಷೆಗೆ ಅಂತ ಹೈವೇಯಲ್ಲಿ 80 ಎಳೆಯಬೇಕಾಗಿಲ್ಲ. ಊರಿನ ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ 50ರಲ್ಲಿ ಹೋದರೂ ಇಂಜಿನ್ ಹೆಚ್ಚು ಕಡಿಮೆ ಅಷ್ಟೇ ಸುತ್ತುತ್ತೆ. ಸಣ್ಣ ಏರಲ್ಲಿ ಎಕ್ಸಲೇಟರ್ ಪೂರ್ತಿ ಕೊಟ್ಟರೆ ತೊಂದರೆ ಅಲ್ಲೇ ಕಾಣುತ್ತೆ. ಗಾಡಿ ಸರಿಹೋಗುವವರೆಗೆ ದಯವಿಟ್ಟು ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡಬೇಡಿ. ಲಾರಿ ಪಕ್ಕದಲ್ಲಿ ಇರುವಾಗ ಉಸಿರು ಕಟ್ಟಿದರೆ ಹಿಂದೆ ಬರುವವನಿಗೆ ಅದು ಗೊತ್ತಾಗಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಬರುವ ದಿನಗಳಿದ್ದರೆ ಇನ್ನೂ ಹುಷಾರಾಗಿರಿ.

ಈ ಭಾನುವಾರ ಬ್ರೇಕ್ ನೋಡಿ, ಕವರ್ ತೆಗೆಯಿರಿ, ಬಾಟಲಿ ಹಿಡಿಯಿರಿ. ಮೂರು ನಿಮಿಷದಲ್ಲಿ ಎಷ್ಟು ಪೆಟ್ರೋಲ್ ಬಂತು, ತಳದಲ್ಲಿ ಏನು ಕೂತಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಯಾವ ಮೆಕ್ಯಾನಿಕ್ ಹತ್ತಿರ ಹೋದರೂ ಗಾಡಿ ಕೀ ಜೊತೆ ಆ ಚೀಟಿಯನ್ನೂ ಕೊಡಿ.